ಬೆಕ್ಕುಗಳ ಮನೆಯಲ್ಲಿ ನನ್ನ ಕೆಲಸ

ಮಂಗಳೂರಿನ ಹತ್ತಿರದ ಒಂದು ಪ್ರಾಣಿ ಆಶ್ರಯದಲ್ಲಿ ಬೆಕ್ಕುಗಳ ಜವಾಬ್ದಾರಿ ನನ್ನದು. ನೋಡಲು ಬಂದವರು "ಎಂಥ ಆರಾಮ, ದಿನವಿಡೀ ಮರಿಗಳ ಜೊತೆ ಆಟ" ಅನ್ನುತ್ತಾರೆ. ಆಟ ಇದೆ, ಇಲ್ಲ ಅನ್ನಲ್ಲ. ಆದರೆ ಜಾಸ್ತಿ ಹೊತ್ತು ಹೋಗುವುದು ಗಮನಿಸುವುದರಲ್ಲಿ. ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ. ಬೆಕ್ಕು ಮೂಲೆ ಸೇರಿ ಸುಮ್ನೆ ಕೂರುತ್ತದೆ. ಗುಂಪಿನಲ್ಲಿ ಒಂದು ಊಟ ಬಿಟ್ಟರೂ ಗೊತ್ತಾಗುವುದಿಲ್ಲ, ಪಕ್ಕದ್ದು ಅದರ ಪಾಲನ್ನೂ ಮುಗಿಸಿರುತ್ತದೆ.

ಅದಕ್ಕೇ ಒಂದೊಂದಕ್ಕೂ ಬೇರೆ ತಟ್ಟೆ. ಗೋಡೆ ಉದ್ದಕ್ಕೂ ದೂರ ದೂರ ಇಟ್ಟು, ಅರ್ಧ ಗಂಟೆಗೆ ಎತ್ತುತ್ತೇನೆ. "ಅಕ್ಕಾ, ಚುಕ್ಕಿ ಮೂಸಿ ನೋಡಿ ಹೋಯ್ತು" ಅಂತ ಕೆಲಸದ ಹುಡುಗ ಅಂದರೆ ಸಾಕು, ಚುಕ್ಕಿಯ ತುಟಿ ಎತ್ತಿ ವಸಡು ನೋಡುತ್ತೇನೆ. ಹಳದಿ ಕಂಡರೆ ಆಗಲೇ ಡಾಕ್ಟರ್ ಹತ್ತಿರ. ಎರಡು ಮೂರು ದಿನ ಊಟ ಬಿಟ್ಟರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳಬಹುದು, ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ. ಮರಳಿನ ಟ್ರೇಯನ್ನೂ ಹೀಗೇ ನೋಡಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಹೋಗಿ ಕೂತು, ಮರಳು ಒದ್ದೆಯಾಗದಿದ್ದರೆ ಮೂತ್ರ ಕಟ್ಟಿದೆ ಅಂತ ಅರ್ಥ. ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ.

ಊಟಕ್ಕೆ ಬೇಯಿಸಿ ಮುಳ್ಳು ಬಿಡಿಸಿದ ಬೂತಾಯಿ ಮೀನು, ಕೋಳಿ, ಒಣ ಆಹಾರ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಬಲೆ ಎಳೆಯುವ ಟ್ರಾಲ್ ಬೋಟುಗಳು ಕಡಲಿಗಿಳಿಯುವುದಿಲ್ಲ. ಆ 61 ದಿನ ಮೀನಿನ ರೇಟು ಕೇಳಲೇಬೇಡಿ. ಇದ್ದಕ್ಕಿದ್ದಂತೆ ಮೀನು ನಿಲ್ಲಿಸಿದರೆ ಅರ್ಧದಷ್ಟು ಬೆಕ್ಕುಗಳು ಮುನಿಸಿಕೊಳ್ಳುತ್ತವೆ. ಆಗ ಮುನಿದದ್ದು ಯಾವುದು, ಕಾಯಿಲೆ ಬಿದ್ದದ್ದು ಯಾವುದು ಅಂತ ಹೇಗೆ ಹೇಳುವುದು? ಹಾಗಾಗಿ ಮೇ ತಿಂಗಳಿಂದಲೇ ಸ್ವಲ್ಪ ಸ್ವಲ್ಪ ಕೋಳಿ ಬೆರೆಸುತ್ತಾ ಬರುತ್ತೇನೆ.

ಬರುವವರು ಪ್ರೀತಿಯಿಂದ ಹಾಲಿನ ಪ್ಯಾಕೆಟ್ ತರುತ್ತಾರೆ. ಹಾಲು ಕಂಡರೆ ಓಡಲು ನಮ್ಮವೇನೂ ತೆನಾಲಿ ರಾಮಕೃಷ್ಣನ ಬೆಕ್ಕುಗಳಲ್ಲ, ಕೊಟ್ಟರೆ ಕುಡಿಯುತ್ತವೆ. ಆಮೇಲೆ ಭೇದಿ ಬಳಿಯುವವಳು ನಾನು! ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದು ಕಡಿಮೆ. ತಾಯಿಯಿಲ್ಲದ ಪುಟ್ಟ ಮರಿಗಳಿಗೆ ಮರಿಗಳ ಹಾಲಿನ ಪುಡಿಯೇ ಬೇಕು. ಪ್ಯಾಕೆಟ್ ಹಾಲು ನಮ್ಮ ಚಹಾಕ್ಕೆ.

ಗೇಟಿನ ಹತ್ತಿರ ರಟ್ಟಿನ ಡಬ್ಬದಲ್ಲಿ ಬಿಟ್ಟು ಹೋದ ಮರಿಗಳನ್ನು ಎರಡು ವಾರ ಬೇರೆ ಕೋಣೆಯಲ್ಲಿ ಇಡುತ್ತೇವೆ. ಎಷ್ಟೇ ಮುದ್ದಾಗಿರಲಿ, ಇದರಲ್ಲಿ ರಿಯಾಯಿತಿ ಇಲ್ಲ. ಮರಿಗಳ ಜೀವ ತೆಗೆಯುವ ಬೆಕ್ಕಿನ ಪಾರ್ವೋ ವೈರಸ್ ನೆಲ, ಬಟ್ಟೆಗಳಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಆ ಕೋಣೆಯ ಚಪ್ಪಲಿ, ಪೊರಕೆ, ಬಟ್ಟಲು ಎಲ್ಲವೂ ಬೇರೆ. ನೆಲವನ್ನು ಮೊದಲು ಸೋಪಿನಲ್ಲಿ ತೊಳೆದು, ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ಹಾಕಿ ಒರೆಸಿ, 10 ನಿಮಿಷ ಬಿಟ್ಟು ಮತ್ತೆ ನೀರು ಹಾಕುತ್ತೇವೆ. ಫಿನಾಯಿಲ್ ಬೇಡವೇ ಬೇಡ. ಬೆಕ್ಕು ಪಾದ ನೆಕ್ಕಿಕೊಳ್ಳುತ್ತದೆ, ಅದು ಅದಕ್ಕೆ ವಿಷ. ಮಳೆಗಾಲದಲ್ಲಿ ಹಾಸಿದ ಬಟ್ಟೆ ಒಣಗುವುದಿಲ್ಲ ಅಲ್ವಾ, ಆಗ ಹಳೇ ಪೇಪರೇ ಗತಿ.

ಹೆದರಿದ ಬೆಕ್ಕನ್ನು ಹಿಡಿದು ಮುದ್ದಿಸಲು ಹೋಗುವುದಿಲ್ಲ. ಅದಕ್ಕೆ ಬೆನ್ನು ಹಾಕಿ ಕೂತು ಪೇಪರ್ ಓದುತ್ತೇನೆ, ಜೋರಾಗಿ. ಪಕ್ಕದಲ್ಲಿ ಚೂರು ಕೋಳಿ. ಕೆಲವು ಅದೇ ವಾರ ಬಂದು ಮೊಣಕಾಲು ಮೂಸುತ್ತವೆ. ಬೀದಿಯಲ್ಲೇ ಬೆಳೆದ ಕೆಲವು ಎಂದೂ ಬರುವುದಿಲ್ಲ. ಬರದಿದ್ದರೂ ಊಟ ತಪ್ಪಿಸುವುದಿಲ್ಲವಲ್ಲ, ನನಗಷ್ಟು ಸಾಕು.

ಮರಿ ಕೇಳಿಕೊಂಡು ಬರುವವರ ಮನೆಯ ಬಾಲ್ಕನಿಗೆ ಜಾಲರಿ ಇದೆಯಾ ಅಂತ ಮೊದಲು ವಿಚಾರಿಸುತ್ತೇನೆ. ನಾಲ್ಕೈದು ತಿಂಗಳಿಗೇ ಹೆಣ್ಣು ಮರಿ ಬಸುರಾಗಬಹುದು, ಆದ್ದರಿಂದ ಆಪರೇಷನ್‌ಗೆ ಒಪ್ಪಲೇಬೇಕು. "ಕಪ್ಪು ಮಾತ್ರ ಬೇಡ, ಅಪಶಕುನ" ಅನ್ನುವವರಿಗೆ ಬೇರೆ ಬಣ್ಣದ್ದನ್ನೂ ಕೊಡುವುದಿಲ್ಲ.