ಬೇರೆ ಪ್ರಕಾರದವರ ಜೊತೆ ನುಡಿಸಲು ಹೊರಡುವ ಮುನ್ನ

ಕರ್ನಾಟಕ ಸಂಗೀತದವರು ಪಾಶ್ಚಾತ್ಯ ವಾದ್ಯದವರ ಜೊತೆ ನುಡಿಸುವುದಾದರೆ ಮೊದಲು ಶ್ರುತಿ. ಹೊರಡುವ ಮುನ್ನವೇ ಕೇಳಿಕೊಳ್ಳಿ: ಅವರು ಶ್ರುತಿ ಹೊಂದಿಸುವ ಎ ಸ್ವರ 440 ಹರ್ಟ್ಸೋ, 442ಓ? ನಮ್ಮ ಒಂದು ಮನೆ ಶ್ರುತಿ ಎಂದರೆ ಪಿಯಾನೋದವರಿಗೆ ತಿಳಿಯದು, ಸಿ ಎನ್ನಿ. ಆಲ್ಟೊ ಸ್ಯಾಕ್ಸೊಫೋನ್ ಇದ್ದರೆ ಇನ್ನೂ ಎಚ್ಚರ. ಅವರು ಸಿ ಎಂದು ಓದಿ ನುಡಿಸಿದ್ದು ಇ ಫ್ಲ್ಯಾಟ್ ಆಗಿ ಕೇಳುತ್ತದೆ.

ಇಷ್ಟಾದರೂ ಗಾಂಧಾರ, ಅಂದರೆ ಗ ಸ್ವರ, ಕಾಡುತ್ತದೆ. ತಂಬೂರಿಗೆ ಸೇರಿ ನಿಲ್ಲುವ ‘ಅಂತರ ಗಾಂಧಾರ’ (ಮೇಲಿನ ಗ) ಪಿಯಾನೋದ್ದಕ್ಕಿಂತ ಸುಮಾರು 14 ಸೆಂಟ್ (ಸೆಂಟ್ ಎಂದರೆ ಅರ್ಧ ಸ್ವರದ ನೂರರಲ್ಲಿ ಒಂದು ಪಾಲು) ಕೆಳಗಿರುತ್ತದೆ. ಇಬ್ಬರೂ ಉದ್ದಕ್ಕೆ ಹಿಡಿದರೆ ನಾದ ಅಲೆಯಲೆಯಾಗಿ ನಡುಗುತ್ತದೆ. ಯಾರದ್ದೂ ತಪ್ಪಲ್ಲ. ಅಂಥ ಕಡೆ ಪಿಯಾನೋದವರು ಗಾಂಧಾರ ಬಿಟ್ಟು ಷಡ್ಜ, ಪಂಚಮ ಮಾತ್ರ ಒತ್ತಿದರೆ ಸಾಕು, ಹಾಡು ತಿಳಿಯಾಗುತ್ತದೆ.

ಆದಿತಾಳದ 8 ಎಣಿಕೆ ಅವರ ನಾಲ್ಕು ಎಣಿಕೆಯ ಎರಡು ಬಾರ್‌ಗೆ (ಬಾರ್ ಎಂದರೆ ಎಣಿಕೆಯ ಒಂದು ಗುಂಪು) ಸಲೀಸಾಗಿ ಕೂರುತ್ತದೆ. ಏಳು ಎಣಿಕೆಯಲ್ಲೇ ಎಡವುವುದು. ನಮ್ಮ ಏಳರ ತಾಳ ಮಿಶ್ರಛಾಪು 3+4, ಅವರು 2+2+3 ಎಂದು ಎಣಿಸುತ್ತಿರಬಹುದು. ವಾದ್ಯ ಕೆಳಗಿಟ್ಟು, ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿ ಹತ್ತು ಆವರ್ತನ ಬಾಯಲ್ಲಿ ಹೇಳಿ.

ಹೊಸ ರಚನೆಯಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮೊದಲ ತಾಲೀಮಿನ ದಿನವೇ ಬರೆದಿಡಿ. ಸ್ನೇಹ ಕೆಡುವುದು ಹೆಚ್ಚಾಗಿ ಇಲ್ಲೇ.

ಪಿಟೀಲನ್ನು ವಿಮಾನದಲ್ಲಿ ಕೈಚೀಲದ ಜೊತೆಗೇ ಒಯ್ಯಿರಿ. ತಂತಿಗಳನ್ನು ಕೊಂಚ ಸಡಿಲಿಸಬಹುದು, ಪೂರ್ತಿ ಬಿಚ್ಚಬೇಡಿ: ಒತ್ತಡ ಹೋದರೆ ಒಳಗೆ ನಿಂತ ಮರದ ನಾದಕಂಬ ಬೀಳಬಹುದು, ತಂತಿಗಳನ್ನು ಹೊತ್ತ ಕುದುರೆಯೂ ಜಾರಬಹುದು. ಪೆಟ್ಟಿಗೆಯೊಳಗೆ ತೇವಾಂಶ ಶೇ. 40ರಿಂದ 60ರೊಳಗಿರಲಿ. ಚಳಿಯಿಂದ ಬೆಚ್ಚಗಿನ ಕೋಣೆಗೆ ಬಂದ ಕೂಡಲೇ ಪೆಟ್ಟಿಗೆ ತೆರೆಯದೆ ಅರ್ಧ ಗಂಟೆ ಕಾಯಿರಿ.