ಸೋಲಾರ್, ಪವನ ವಿದ್ಯುತ್ತಿಗೆ ದುಡ್ಡು ಹಾಕುವ ಮುಂಚೆ ಕಾನೂನು ಓದುವುದು ಹೇಗೆ?

ಬೆಳೆಯುತ್ತಿರುವ ದೇಶಗಳಲ್ಲಿ ಬಿಸಿಲಿಗೆ ಬರವಿಲ್ಲ, ಗಾಳಿಗೂ ಬರವಿಲ್ಲ. ಹೂಡಿಕೆದಾರರನ್ನು ಸರ್ಕಾರಗಳೇ ಕರೆಯುತ್ತಿವೆ. ಆದರೆ ಅಲ್ಲಿನ ಸೋಲಾರ್ ಅಥವಾ ಪವನ ವಿದ್ಯುತ್ ಯೋಜನೆಗೆ ಹಣ ಹಾಕುವ ಯಾರೇ ಆಗಲಿ, ಪ್ಯಾನೆಲ್ ನೋಡುವ ಮುಂಚೆ ಕಾಗದ ನೋಡಬೇಕು. ಕರೆಂಟ್ ತಯಾರಿಸುವುದು ಈಗ ಸುಲಭ. ಮಾರಿದ್ದಕ್ಕೆ ದುಡ್ಡು ಬರುವುದೇ ಕಷ್ಟದ ಕೆಲಸ.

ಹೆಜ್ಜೆ 1: ಕಾಯ್ದೆ ಯಾವುದು, ಆದೇಶ ಯಾವುದು ನೋಡಿ

ಸಂಸತ್ತು ಮಾಡಿದ ಕಾಯ್ದೆಯನ್ನು ಬದಲಿಸಲು ಮತ್ತೆ ಸಂಸತ್ತಿಗೇ ಹೋಗಬೇಕು. ಸರ್ಕಾರಿ ಆದೇಶ ಬದಲಿಸಲು ಇನ್ನೊಂದು ಆದೇಶ ಸಾಕು. ವಿಯೆಟ್ನಾಂ 2017ರಲ್ಲಿ ಸೋಲಾರ್‌ಗೆ ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್ ಖರೀದಿ ದರವನ್ನು 20 ವರ್ಷಕ್ಕೆ ಘೋಷಿಸಿದ್ದು ಪ್ರಧಾನಿಯ ಆದೇಶದ ಮೂಲಕ. ಗಡುವು 2019ರ ಜೂನ್ 30. ಅದರೊಳಗೆ ಮುಗಿಸಲು ಎಲ್ಲರೂ ಮುಗಿಬಿದ್ದರು. ಇಂಥ ಗಡುವು ಕಂಡರೆ ಒಂದು ಪ್ರಶ್ನೆ ಕೇಳಲೇಬೇಕು: ಒಂದು ದಿನ ತಡವಾದರೂ ನಮಗೆ ಸಿಗುವ ದರ ಎಷ್ಟು?

ಹೆಜ್ಜೆ 2: ಖರೀದಿ ಒಪ್ಪಂದವನ್ನು ಸಾಲು ಸಾಲಾಗಿ ಓದಿ

ವಿದ್ಯುತ್ ಖರೀದಿ ಒಪ್ಪಂದ, ಅಂದರೆ ಪಿಪಿಎ, ಇಡೀ ಯೋಜನೆಯ ಜೀವ. ಬ್ಯಾಂಕು ಸಾಲ ಕೊಡುವುದೂ ಇದನ್ನು ನೋಡಿಯೇ. ಹೆಚ್ಚಿನ ಕಡೆ ಕರೆಂಟ್ ಕೊಳ್ಳುವುದು ಸರ್ಕಾರಿ ಕಂಪನಿ. ಅದು ನಷ್ಟದಲ್ಲಿದ್ದರೆ ಬಿಲ್ ತಿಂಗಳುಗಟ್ಟಲೆ ಬಾಕಿ ಉಳಿಯುತ್ತದೆ. ಹಾಗಾಗಿ ಆ ಕಂಪನಿಯ ಲೆಕ್ಕಪತ್ರ ತರಿಸಿ ನೋಡಿ. ಬ್ಯಾಂಕ್ ಖಾತರಿ ಇದೆಯಾ, ಸರ್ಕಾರದ ಜಾಮೀನು ಇದೆಯಾ, ತಡವಾದರೆ ಬಡ್ಡಿ ಕೊಡುತ್ತಾರಾ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಯೋಜನೆ ಹಂಚುವ ಸರ್ಕಾರಿ ಹರಾಜಿನಲ್ಲಿ ಗೆದ್ದ ಮಾತ್ರಕ್ಕೆ ಸಹಿ ಸಿಕ್ಕಂತಲ್ಲ. ದಕ್ಷಿಣ ಆಫ್ರಿಕಾದಲ್ಲಿ ಸರ್ಕಾರಿ ಕಂಪನಿ ಎಸ್ಕಾಮ್ ಸಹಿ ಹಾಕಲು ಒಪ್ಪದೆ, ಗೆದ್ದ 27 ಯೋಜನೆಗಳು 2018ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಸಹಿ ಬಿದ್ದ ಮೇಲೂ ನೆಮ್ಮದಿ ಇರುತ್ತದೆ ಅಂತಲ್ಲ. ಆಂಧ್ರಪ್ರದೇಶ 2019ರಲ್ಲಿ, ಆಗಲೇ ಜಾರಿಯಲ್ಲಿದ್ದ ಒಪ್ಪಂದಗಳ ದರ ಇಳಿಸಲು ಹೊರಟಿತು. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಒಪ್ಪಂದದ ದರವನ್ನೇ ಕೊಡಬೇಕು ಎಂದು ತೀರ್ಪು ಕೊಟ್ಟಿತು. ನ್ಯಾಯ ಸಿಕ್ಕಿತು, ನಿಜ. ಆದರೆ ಅಷ್ಟು ದಿನ ಸಾಲದ ಕಂತು ನಿಂತಿರುತ್ತದಾ? ಆದ್ದರಿಂದ ದುಡ್ಡು ಬಾರದ ತಿಂಗಳುಗಳಿಗೆ ಕೈಯಲ್ಲಿ ಮೀಸಲು ಹಣ ಇರಲೇಬೇಕು.

ಹೆಜ್ಜೆ 3: ಲೈನ್ ಎಳೆಯುವವರು ಯಾರು?

ಕೀನ್ಯಾದ ತುರ್ಕಾನಾ ಸರೋವರದ ಬಳಿಯ 310 ಮೆಗಾವಾಟ್ ಯೋಜನೆಯಲ್ಲಿ 365 ಗಾಳಿಯಂತ್ರಗಳಿವೆ. ಅವು 2017ರಲ್ಲೇ ಸಿದ್ಧವಾದವು. ಆದರೆ ಸುಸ್ವಾ ಸಬ್‌ಸ್ಟೇಷನ್‌ವರೆಗಿನ 400 ಕಿಲೋಮೀಟರ್‌ಗೂ ಹೆಚ್ಚು ಉದ್ದದ ಲೈನ್ ಮುಗಿದದ್ದು 2018ರಲ್ಲಿ. ಅಲ್ಲಿಯವರೆಗೆ ಯಂತ್ರಗಳು ಸುಮ್ನೆ ನಿಂತಿದ್ದವು. ಲೈನ್ ತಡವಾದರೂ ಕರೆಂಟ್ ಉತ್ಪಾದನೆ ಆಗಿದೆ ಎಂದೇ ಲೆಕ್ಕ ಹಿಡಿದು ಹಣ ಕೊಡಬೇಕು ಎಂಬ ಷರತ್ತು ಒಪ್ಪಂದದಲ್ಲಿತ್ತು. ಹಾಗಾಗಿ ಹೂಡಿಕೆದಾರರು ಬಚಾವಾದರು, ಹೊರೆ ಆ ದೇಶದ ಜನರ ಮೇಲೆ ಬಿತ್ತು. ವಿಯೆಟ್ನಾಂನಲ್ಲಿ ಇದರ ತದ್ವಿರುದ್ಧ. ಗ್ರಿಡ್‌ಗೆ, ಅಂದರೆ ವಿದ್ಯುತ್ ಸಾಗಿಸುವ ಜಾಲಕ್ಕೆ, ಅಷ್ಟು ಕರೆಂಟ್ ತಡೆಯಲಾಗದೆ ಉತ್ಪಾದನೆ ಕಡಿತ ಮಾಡಿಸಿದಾಗ ಪರಿಹಾರವೇ ಇರಲಿಲ್ಲ. ನನ್ನ ಪ್ರಕಾರ ಎರಡೂ ಸರಿಯಲ್ಲ. ಲೈನ್ ಮುಗಿಯುವ ದಿನವನ್ನೂ ತಡವಾದರೆ ಯಾರಿಗೆ ಎಷ್ಟು ಪಾಲು ನಷ್ಟ ಎಂಬುದನ್ನೂ ಮೊದಲೇ ಬರೆಸಿಕೊಳ್ಳುವುದೇ ಒಳ್ಳೆಯದು.

ಹೆಜ್ಜೆ 4: ಜಮೀನು ನಿಜವಾಗಿ ಯಾರದ್ದು?

ಸರ್ಕಾರ ಕೊಟ್ಟ ಹಕ್ಕುಪತ್ರವಿದೆ ಎಂದು ಸುಮ್ಮನಾಗಬೇಡಿ. ಇದೇ ತುರ್ಕಾನಾ ಯೋಜನೆಯ ಒಂದೂವರೆ ಲಕ್ಷ ಎಕರೆಯ ಹಕ್ಕುಪತ್ರಗಳನ್ನು ಕಾನೂನು ಪ್ರಕಾರ ಪಡೆದಿಲ್ಲ ಎಂದು ಕೀನ್ಯಾದ ಕೋರ್ಟ್ 2021ರಲ್ಲಿ ಹೇಳಿತು. ಅದು ಸಮುದಾಯದ ಜಮೀನು. ದನಕರು ಮೇಯಿಸಿಕೊಂಡು ಬದುಕುವ ಜನ ಅಲ್ಲಿದ್ದಾರೆ. ಅವರ ಜೊತೆ ಕೂತು ಮಾತಾಡಿ, ಅವರ ಭಾಷೆಯಲ್ಲೇ ಒಪ್ಪಂದ ಓದಿ ಹೇಳಿ, ಅವರ ಪಾಲನ್ನು ಕಾಗದದ ಮೇಲೆ ಹಾಕಿ. ಇದು ಅವರ ಹಕ್ಕು. ಇದಕ್ಕೆ ಹಿಡಿಯುವ ಸಮಯವನ್ನು ಯೋಜನೆಯ ವೇಳಾಪಟ್ಟಿಯಲ್ಲೇ ಸೇರಿಸಿಡಿ.

ಹೆಜ್ಜೆ 5: ಹಣ ಯಾವುದರಲ್ಲಿ, ವ್ಯಾಜ್ಯ ಎಲ್ಲಿ?

ಸಾಲ ಡಾಲರಿನಲ್ಲಿ, ಆದಾಯ ಸ್ಥಳೀಯ ಹಣದಲ್ಲಿ ಇದ್ದರೆ, ಆ ಹಣ ಬಿದ್ದಾಗಲೆಲ್ಲ ಕಂತಿನ ಭಾರ ಏರುತ್ತದೆ. ದರವನ್ನು ವಿನಿಮಯ ದರಕ್ಕೆ ಜೋಡಿಸಿದ್ದಾರಾ ನೋಡಿ, ಇಲ್ಲದಿದ್ದರೆ ಸ್ಥಳೀಯ ಬ್ಯಾಂಕಿನಲ್ಲೇ ಸಾಲ ಹುಡುಕಿ. ಜಗಳವಾದರೆ ಎಲ್ಲಿ, ಯಾರ ಮುಂದೆ ಪಂಚಾಯಿತಿ ಎಂಬುದು ಒಪ್ಪಂದದ ಕೊನೆಯ ಪುಟಗಳಲ್ಲಿರುತ್ತದೆ. ಆ ಪುಟಗಳನ್ನು ಆ ದೇಶದ ಕಾನೂನು ಬಲ್ಲ ವಕೀಲರಿಂದ ಓದಿಸಿ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.