ಜೋಲುಕಿವಿಯ ಮೊಲ ತರುವ ಮುನ್ನ ಮನೆಯ ಬಿಸಿಲು ನೋಡಿ

ಹೋದ ವರ್ಷ ವಿಜಯಪುರದ ನಮ್ಮ ಓಣಿಯಲ್ಲಿ ಒಂದು ಬಾಡಿಗೆ ಮನೆ ಖಾಲಿಯಾಯಿತು. ಹೋದವರು ಸಿಲಿಂಡರ್ ಒಯ್ದರು, ತುಳಸಿ ಕುಂಡ ಒಯ್ದರು, ಮೊಲ ಬಿಟ್ಟರು. ಕಂದು ಬಣ್ಣ, ಹತ್ತಿರ ಹತ್ತಿರ 5 ಕಿಲೋ ತೂಕ, ಗದ್ದದ ಕೆಳಗೆ ಇಳಿಬಿದ್ದ ಕಿವಿ. ಅದನ್ನು ಎತ್ತಿಟ್ಟುಕೊಂಡ ಎದುರುಮನೆ ಕಾಕೂ ನನ್ನನ್ನು ಕಂಡಾಗಲೆಲ್ಲ, "ನೀವೇ ಒಯ್ರಿ, ನಿಮ್ಮ ಮನಿ ದೊಡ್ಡದೈತಲ್ಲ" ಅನ್ನುತ್ತಿದ್ದರು. ಹೂಂ ಅನ್ನಲು ನನಗೆ ಮೂರು ವಾರ ಬೇಕಾಯಿತು. ಆ ಮೂರು ವಾರದಲ್ಲಿ ನೋಡಿಕೊಂಡದ್ದು ಇಷ್ಟು.

ಮೊದಲು ಬಿಸಿಲಿನ ಲೆಕ್ಕ

ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಕಾವನ್ನು ಹೆಚ್ಚಾಗಿ ಕಿವಿಯಿಂದಲೇ ಹೊರಹಾಕುತ್ತದೆ. 15ರಿಂದ 20 ಡಿಗ್ರಿ ಅದಕ್ಕೆ ಹಿತ, 28 ದಾಟಿದರೆ ಕಷ್ಟ. ನಮ್ಮ ಏಪ್ರಿಲ್, ಮೇ ಅಂದರೆ 40! ಹಾಗಾಗಿ ಪತ್ರಾಸ್ ಶೆಡ್ಡು, ಮಾಳಿಗೆ, ಬಾಲ್ಕನಿ ಯಾವುದೂ ಆಗದು. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆ ಮೊಲಕ್ಕೆ ಸೇರಬೇಕು. ನಮ್ಮಲ್ಲಿ ಅದು ಫರಸಿ ಹಾಸಿದ ಪಡಸಾಲೆ. ಮಧ್ಯಾಹ್ನ ನಾನು ಕಾಲು ಚಾಚುತ್ತಿದ್ದ ಜಾಗ, ಹೋಯಿತು.

ಬಾಟಲಿಯಲ್ಲಿ ನೀರು ಗಡ್ಡೆಗಟ್ಟಿಸಿ ಹಳೆ ಟವೆಲ್ ಸುತ್ತಿ ಇಟ್ಟರೆ ಅದಕ್ಕೆ ಒರಗಿ ಮಲಗುತ್ತದೆ. ಕಿವಿಗೆ ಒದ್ದೆ ಕೈ ಸವರಬಹುದು. ತಣ್ಣೀರಲ್ಲಿ ಮುಳುಗಿಸುವುದು ಮಾತ್ರ ಬೇಡ, ಗಾಬರಿಗೇ ಪ್ರಾಣ ಹೋದೀತು. ಕರೆಂಟ್ ಹೋದ ಮಧ್ಯಾಹ್ನ ಏನು ಮಾಡುತ್ತೀರಿ? ಇದಕ್ಕೆ ಉತ್ತರ ಇಲ್ಲದಿದ್ದರೆ ಬರೀ ಕೂಲರ್ ನಂಬಿ ತರಬೇಡಿ.

ಮೊಲಕ್ಕಿಂತ ಮುಂಚೆ ಡಾಕ್ಟರು

ನಮ್ಮ ಕಡೆ ಪಶುವೈದ್ಯರ ಹತ್ತಿರ ಬರುವುದು ಎಮ್ಮೆ, ಆಡು, ನಾಯಿ. ಮೊಲ ನೋಡಿದ ಅನುಭವ ಇದೆಯಾ ಎಂದು ಸಂಕೋಚವಿಲ್ಲದೆ ಕೇಳಿ. ಬಾಯಿಗೆ ಹಾಕುವ ಅಮಾಕ್ಸಿಸಿಲಿನ್, ಪೆನಿಸಿಲಿನ್ ಮೊಲದ ಹೊಟ್ಟೆಯನ್ನು ಕೆಡಿಸಿ ಕೊಲ್ಲಬಲ್ಲವು. ನಾಯಿಯ ಉಣ್ಣೆ ಹುಳಕ್ಕೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ. ಮನೆಯಲ್ಲಿ ಉಳಿದ ಔಷಧಿ ಸುಮ್ನೆ ಕೊಡುವ ಚಾಳಿ ಇದ್ದರೆ ಇಲ್ಲಿ ಬಿಟ್ಟುಬಿಡಿ.

ಗಂಡೋ ಹೆಣ್ಣೋ ಕೇಳಿಕೊಳ್ಳಿ. ಮರಿಯಾಗದಂತೆ ಆಪರೇಷನ್ ಆಗದ ಹೆಣ್ಣು ಮೊಲಗಳಿಗೆ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬರುವುದು ಜಾಸ್ತಿ. ಆಪರೇಷನ್‌ಗೆ ಮುಂಚೆ "ರಾತ್ರಿಯಿಂದ ಉಪವಾಸ ಇಡಿ" ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ಹುಡುಕಿ. ಮೊಲಕ್ಕೆ ವಾಂತಿಯೇ ಆಗುವುದಿಲ್ಲ, ಹೊಟ್ಟೆ ಖಾಲಿ ಬಿಟ್ಟರೇ ಅಪಾಯ.

ಹೋಗಿ ನೋಡುವಾಗ

ಕಿವಿ ಎತ್ತಿ ಮೂಸಿ ನೋಡಿ. ನಗಬೇಡಿ, ಇದೇ ಮುಖ್ಯ ಪರೀಕ್ಷೆ. ಜೋಲುಕಿವಿಯಲ್ಲಿ ಒಳನಾಳ ಮಡಚಿಕೊಂಡಿರುತ್ತದೆ, ಗುಗ್ಗೆ ಹೊರಗೆ ಬರುವುದಿಲ್ಲ, ಒಳಗೇ ಕೀವು ಕಟ್ಟುತ್ತದೆ. ವಾಸನೆ ಬಂದರೆ, ತಲೆ ಕೊಡವುತ್ತಿದ್ದರೆ, ಕತ್ತು ಒಂದು ಕಡೆ ವಾಲಿದ್ದರೆ ಮೊದಲು ಚಿಕಿತ್ಸೆ ಆಗಬೇಕು. ಕಾಕೂ ಮನೆಯ ಮೊಲದ ಎಡಗಿವಿಯ ಬುಡದಲ್ಲಿ ಹಳದಿ ಮೇಣದಂಥದ್ದು ಬೆರಳಿಗೆ ಅಂಟಿತು.

ಗದ್ದ ಒದ್ದೆಯಿದ್ದರೆ ಹಲ್ಲಿನ ತೊಂದರೆ ಇರಬಹುದು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಹಿಂಗಾಲಿನ ಪಾದ ತಿರುವಿ ನೋಡಿ, ಭಾರದ ಮೊಲಗಳಿಗೆ ತಂತಿ ತಳದ ಪಂಜರದಲ್ಲಿ ಕೂತು ಕೂತು ಅಲ್ಲಿ ಹುಣ್ಣಾಗುತ್ತದೆ. ಹಿಕ್ಕೆ ಒಣಗಿ, ದುಂಡಗೆ, ಬಟಾಣಿಯಷ್ಟು ಇರಬೇಕು. ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಮೆತ್ತಗಿನ ಇನ್ನೊಂದು ಬಗೆಯೂ ಇದೆ. ಅದನ್ನು ಮೊಲವೇ ತಿನ್ನುತ್ತದೆ. ರೋಗವಲ್ಲ, ಊಟ.

ಎತ್ತುವಾಗ ಕಿವಿ ಹಿಡಿಯಲೇಬೇಡಿ. ಒಂದು ಕೈ ಎದೆಗೆ, ಇನ್ನೊಂದು ಕೈ ಹಿಂಭಾಗಕ್ಕೆ. ಹಿಂಗಾಲು ಆಧಾರವಿಲ್ಲದೆ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆ ತಾನೇ ಮುರಿದುಕೊಳ್ಳುತ್ತದೆ.

ಕಬ್ಬು ಕಡಿಯುವಾಗ ಸಿಕ್ಕಿತೆಂದು ಯಾರಾದರೂ ಮರಿ ತಂದುಕೊಟ್ಟರೆ ಅದು ಬೇರೆಯೇ ಪ್ರಾಣಿ, ಹೊಲದ ಕಾಡುಮೊಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಅದನ್ನು ಸಾಕುವಂತಿಲ್ಲ.

ಮೇವು

ಇಡೀ ದಿನ ಒಣಹುಲ್ಲು ಮುಂದಿರಬೇಕು, ಅದರ ಮೈಯಷ್ಟು ದೊಡ್ಡ ಗುಡ್ಡೆ. ಜೊತೆಗೆ ಕರಿಕೆ, ಕೊತ್ತಂಬರಿ, ಮೂಲಂಗಿ ಸೊಪ್ಪು. ಔಷಧಿ ಹೊಡೆದ ಹೊಲದ ಬದುವಿನಿಂದ ಕಿತ್ತು ತರಬೇಡಿ. ಕುದುರೆ ಮಸಾಲೆ ಅನ್ನುವ ಮೇವಿನಲ್ಲಿ ಸುಣ್ಣದ ಅಂಶ ಜಾಸ್ತಿ, ಬೆಳೆದ ಮೊಲಕ್ಕೆ ದಿನಾ ಬೇಡ. ಗಜ್ಜರಿ ಒಂದು ತುಂಡು ಸಾಕು. ಕಷ್ಟ ಇರುವುದು ಮನೆಯ ಹಿರಿಯರ ಪ್ರೀತಿಯಲ್ಲಿ. ರೊಟ್ಟಿ ಚೂರು, ಶೇಂಗಾ, ಡಬ್ಬಿಗಟ್ಟಲೆ ಇರುವ ಒಣದ್ರಾಕ್ಷಿ! ಮೊದಲ ದಿನವೇ ಬೇಡ ಎಂದು ಹೇಳಿಬಿಡಿ. ಹನ್ನೆರಡು ತಾಸು ಏನೂ ತಿನ್ನದೆ, ಹಿಕ್ಕೆ ಹಾಕದೆ ಕೂತಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ತಂದ ಮೇಲೆ

ಚಾರ್ಜರ್ ವೈರು ಎತ್ತರಕ್ಕೆ ಏರಿಸಿ. ನುಣುಪು ಟೈಲ್ಸ್ ಇದ್ದರೆ ತಟ್ಟುಚೀಲ ಹಾಸಿ, ಇಲ್ಲವಾದರೆ ಕಾಲು ಜಾರುತ್ತದೆ. ಅಗಲದ ಪುಟ್ಟಿಯಲ್ಲಿ ಪೇಪರ್, ಮೇಲೆ ಹುಲ್ಲು ಹಾಕಿದರೆ ಉಚ್ಚೆಗೆ ಅಲ್ಲಿಗೇ ಹೋಗುವುದನ್ನು ಕಲಿಯುತ್ತದೆ. ವಾರಕ್ಕೊಮ್ಮೆ ಮೊಲವನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಡಿ. ಚೆನ್ನಾಗಿ ನೋಡಿಕೊಂಡರೆ 8ರಿಂದ 10 ವರ್ಷ ಬದುಕುತ್ತದೆ. ಐದನೇ ಕ್ಲಾಸಿನ ಮಗಳು ಹಟ ಮಾಡುತ್ತಿದ್ದಾಳೆಂದು ತಂದರೆ, ಅವಳು ಡಿಗ್ರಿಗೆ ಧಾರವಾಡಕ್ಕೆ ಹೋದ ಮೇಲೆ ಹುಲ್ಲು ಹಾಕುವವರು ನೀವೇ.

ನಮ್ಮಲ್ಲಿ ಮೊದಲೆರಡು ದಿನ ಅದು ಮಂಚದ ಕೆಳಗಿಂದ ಹೊರಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಪಡಸಾಲೆಗೆ ಬಂದು, ಧೊಪ್ಪೆಂದು ಪಕ್ಕಕ್ಕೆ ಬಿದ್ದು ಕಾಲು ಚಾಚಿತು. ನೋಡಲು ಬಂದಿದ್ದ ಕಾಕೂ, "ಅಯ್ಯ, ಸತ್ತs ಹೋತಲ್ಲೋ!" ಎಂದು ಚೀರಿದರು. ಭಯ ಬಿಟ್ಟ ಮೊಲ ಮಲಗುವುದೇ ಹಾಗೆ.